ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ

2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಂದಿನಿಂದ ನಮ್ಮ ರಾಜ್ಯದ ಅನೇಕ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ. ಸಂತೋಷದ ವಿಷಯವೇ. ಆದರೆ ತಿಂಗಳ ಖರ್ಚನ್ನು ತೂಗಿಸಿ ಗೊತ್ತಿರುವ ಗೃಹಿಣಿಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ನಾವು ಕೊಡದಿದ್ದರೆ ಮತ್ತೆ ಯಾರು ಕೊಡುತ್ತಾರೆ?

ಸರಕಾರ ಕೊಡುತ್ತದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಇದಕ್ಕೆ 10,100 ಕೋಟಿ ರೂಪಾಯಿ ಇಡಲಾಯಿತು. ಶಾಲೆಯ ಕೊಠಡಿಗೂ, ಸರಕಾರಿ ಆಸ್ಪತ್ರೆಯ ಔಷಧಿಗೂ ಹಣ ಬರಬೇಕಾದದ್ದು ಇದೇ ಖಜಾನೆಯಿಂದ.

ಇಲ್ಲಿ ಸೂರ್ಯನ ಬಿಸಿಲು ಲೆಕ್ಕಕ್ಕೆ ಬರುತ್ತದೆ. ಮಾಳಿಗೆಯ ಮೇಲೆ ಒಂದು ಕಿಲೋವ್ಯಾಟ್‌ನ ಸೌರಫಲಕ ಹಾಕಿದರೆ ತಿಂಗಳಿಗೆ ಸುಮಾರು 100 ಯೂನಿಟ್ ಸಿಗುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರಕಾರ ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ ಸಹಾಯಧನ ಕೊಡುತ್ತದೆ. ನಾಲ್ಕೈದು ವರ್ಷಗಳ ಉಳಿತಾಯದಲ್ಲೇ ಅಷ್ಟು ಹಣ ಹುಟ್ಟುತ್ತದೆ. ಫಲಕವಾದರೋ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ.

ಆದರೆ ಸೊನ್ನೆ ಬಿಲ್ಲಿನ ಮನೆಯವರು ಉಳಿದ ಹಣವನ್ನು ಕೈಯಿಂದ ಹಾಕಿ ಫಲಕ ಯಾಕೆ ಕೂರಿಸಬೇಕು? ಅವರಿಗೆ ಉಳಿಯುವುದೇನೂ ಇಲ್ಲ, ಉಳಿಯುವುದು ರಾಜ್ಯದ ಖಜಾನೆಗೆ. ಹಾಗಾದರೆ ಬಡವರ ಮಾಳಿಗೆಯ ಫಲಕದ ಖರ್ಚನ್ನು ರಾಜ್ಯವೇ ಭರಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಪ್ರತಿವರ್ಷ ಬಿಲ್ಲು ಕಟ್ಟುವ ಬದಲು ಒಮ್ಮೆ ಬಂಡವಾಳ ಹೂಡಿದಂತೆ.

ಹಾಗೆಂದು ಎಲ್ಲವೂ ಲಾಭವೇ ಎನ್ನಲಾಗದು. ಹೆಚ್ಚು ಬಿಲ್ಲು ಕಟ್ಟುವ ದೊಡ್ಡ ಮನೆಗಳು, ಕಾರ್ಖಾನೆಗಳು ಸೌರಶಕ್ತಿಗೆ ಹೋದರೆ ವಿದ್ಯುತ್ ಕಂಪೆನಿಗಳ ಆದಾಯ ಇಳಿಯುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದ್ದರೂ ಸೂರ್ಯ ಮುಳುಗಿದ ಮೇಲೆ, ನಾವೆಲ್ಲ ಮಿಕ್ಸಿ, ಟಿ.ವಿ. ಹಾಕುವ ಹೊತ್ತಿಗೆ, ಅದರಿಂದ ಏನೂ ಸಿಗದು. ಬ್ಯಾಟರಿಯಲ್ಲಿ ಕೂಡಿಡಲು ಬೇರೆಯೇ ಖರ್ಚು.

ನೀರಾವರಿ ಪಂಪ್‌ಸೆಟ್‌ಗಳಿಗೆ ಮಾತ್ರ ಈ ತೊಡಕಿಲ್ಲ. 10 ಎಚ್.ಪಿ.ವರೆಗಿನ ಪಂಪ್‌ಗಳಿಗೆ ರಾಜ್ಯದಲ್ಲಿ 2008ರಿಂದ ಉಚಿತ ವಿದ್ಯುತ್ತಿದೆ. ಅದರ ಸಬ್ಸಿಡಿ ಗೃಹಜ್ಯೋತಿಯದಕ್ಕಿಂತಲೂ ದೊಡ್ಡದು. ನೀರು ಹಗಲಲ್ಲೇ ಹಾಯಿಸಬಹುದು, ಬ್ಯಾಟರಿ ಬೇಡ. ಕೇಂದ್ರದ ಕುಸುಮ್ ಯೋಜನೆಯಡಿ ಹಳ್ಳಿಯ ಸಬ್‌ಸ್ಟೇಷನ್ ಬಳಿಯೇ ಸೌರ ಘಟಕ ಹಾಕಿ ಪಂಪ್‌ಗಳಿಗೆ ಹಗಲು ವಿದ್ಯುತ್ ಕೊಡುವ ಕೆಲಸ ನಡೆದಿದೆ. ಖಜಾನೆಯ ಹೊರೆ ತಗ್ಗುವುದು ಒಂದು ಕಡೆಗಿರಲಿ, ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತೆಂದು ಟಾರ್ಚ್ ಹಿಡಿದು ತೋಟಕ್ಕೆ ಹೋದ ಗಂಡನನ್ನು, ಹಾವಿನ ಭಯದಲ್ಲಿ ಕಾಯುತ್ತ ಕೂರುವುದು ಅಲ್ಲಿನ ಹೆಂಗಸರಿಗೆ ತಪ್ಪುತ್ತದೆ.