ಬಿಚ್ಚಬೇಕಾದ ಬಂಧ

ಬೀದಿಯಿಂದ ರಕ್ಷಿಸಲ್ಪಟ್ಟ, ದೃಷ್ಟಿ ಮಂದವಾದ ನಾಯಿಮರಿಯೊಂದನ್ನು ಮನೆಗೆ ತಂದೆವು. ಎಡವಿ ಬೀಳುವುದೆಂಬ ಭಯದಿಂದ ಅದನ್ನು ಕಂಬಕ್ಕೆ ಕಟ್ಟಿದೆ. ಅದನ್ನೇ ದಯೆಯೆಂದು ಬಗೆದೆ. ಆದರೆ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ 5 ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಕಟ್ಟಿಹಾಕುವುದು. ವಧೆ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಅನಂತರದವು. ಮಕ್ಕಳಿಗೆ ಇದನ್ನು ಎಷ್ಟೋ ಬಾರಿ ಬೋಧಿಸಿದ ನಾನೇ ಮರೆತಿದ್ದೆ.

ಹಗ್ಗ ಬಿಚ್ಚಿದೆ. ಮನೆಯ ಸಾಮಾನುಗಳನ್ನು ಕದಲಿಸದೆ ಇಟ್ಟೆವು. ಮುಟ್ಟುವ ಮುನ್ನ ಕರೆಯುವುದನ್ನು ರೂಢಿಸಿಕೊಂಡೆವು. ವಾಸನೆ, ಸದ್ದುಗಳ ನೆರವಿನಿಂದ ಮರಿ ಮನೆಯನ್ನು ತಾನೇ ಅರಿತುಕೊಂಡಿತು.

‘ಅದರ ಕರ್ಮ’ ಎನ್ನುವವರುಂಟು. ಕಾಣದ ಕಣ್ಣು ಅದರ ಕರ್ಮಫಲವಿರಬಹುದು. ಕಟ್ಟಿದ ಹಗ್ಗ ಮಾತ್ರ ನನ್ನ ಕರ್ಮ. ದತ್ತು ಪಡೆದ ಜೀವವು ನಿರ್ಭಯವಾಗಿ ನಡೆದಾಡುವಂತೆ ನಮ್ಮ ನಡೆಯನ್ನು ತಿದ್ದಿಕೊಳ್ಳುವುದೇ ಶ್ರಾವಕನ ಅನುಕಂಪೆ.