ಮೇಲ್ಮೈ ಸಂಸ್ಕಾರಕ್ಕೂ ಮಿತಿಯುಂಟು

ವಿದ್ಯುತ್ತನ್ನು ಹರಿಯಗೊಡದಿರುವುದೇ ಸ್ವಭಾವವಾಗಿರುವ ಪ್ಲಾಸ್ಟಿಕ್ಕನ್ನು ವಿದ್ಯುದ್ವಾಹಕವನ್ನಾಗಿ ಮಾರ್ಪಡಿಸುವ ಪ್ರಯತ್ನದಲ್ಲಿ ಇಂಗಾಲದ ನ್ಯಾನೊ ನಳಿಕೆಗಳಿಗೆ ದೊರೆತಿರುವ ಕೀರ್ತಿ ಅಲ್ಪವಾದುದಲ್ಲ. ಆದರೆ ಆ ನಳಿಕೆಯ ಮೈಯನ್ನು ಹದಗೊಳಿಸುವ ಕಾರ್ಯವು ಎಷ್ಟರಮಟ್ಟಿಗೆ ನಡೆಯಬೇಕು, ಎಲ್ಲಿಗೆ ನಿಲ್ಲಬೇಕು ಎಂಬ ವಿವೇಚನೆ ಮಾತ್ರ ನಮ್ಮಲ್ಲಿ ಸಾಲದಾಗಿದೆ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಈ ನಳಿಕೆಗಳ ರಚನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ಫೆರೊಸೀನ್‌ನಂತಹ ಸಂಯುಕ್ತಗಳನ್ನು ಉಗ್ರ ತಾಪದಲ್ಲಿ ವಿಘಟಿಸಿ ಅವನ್ನು ತಯಾರಿಸಿದರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡವು, ಪರಸ್ಪರ ಬೆರೆಯದ ಎರಡು ಪಾಲಿಮರುಗಳ ಮಿಶ್ರಣದಲ್ಲಿ ಸಂಸ್ಕರಿಸಿದ ನಳಿಕೆಗಳನ್ನು ನೆಲೆಗೊಳಿಸಿ, ವಿದ್ಯುತ್ಕಾಂತೀಯ ತರಂಗಗಳನ್ನು ತಡೆಯುವ ಕವಚಗಳನ್ನು ರೂಪಿಸಿತು.

ಕಾಡಿಗೆಯಂತಹ ಕಾರ್ಬನ್ ಬ್ಲ್ಯಾಕ್ ಪುಡಿಯನ್ನು ನೂರಕ್ಕೆ ಹತ್ತು ಪಾಲಿಗೂ ಮಿಗಿಲಾಗಿ ಬೆರೆಸಬೇಕಾಗುವಲ್ಲಿ, ದಪ್ಪಕ್ಕಿಂತ ನೂರಾರು ಪಟ್ಟು ಉದ್ದವಿರುವ ನಳಿಕೆಗಳು ನೂರಕ್ಕೆ ಒಂದು ಪಾಲಿಗೂ ಕಡಿಮೆ ಇದ್ದರೂ ಒಂದನ್ನೊಂದು ಮುಟ್ಟಿ ವಿದ್ಯುತ್ತಿಗೆ ದಾರಿ ಮಾಡಿಕೊಡಬಲ್ಲವು. ಆದರೆ ಪರಸ್ಪರಾಕರ್ಷಣೆಯಿಂದ ಅವು ಕಂತೆಕಂತೆಯಾಗಿ ಹೆಣೆದುಕೊಂಡು ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬಿಡಿಸಿಕೊಳ್ಳದೆ ಉಳಿಯುತ್ತವೆ. ಆದುದರಿಂದಲೇ ಅವನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಗಂಟೆಗಟ್ಟಲೆ ಕಾಸುವ ಪದ್ಧತಿ ಬಳಕೆಗೆ ಬಂದಿತು. ಕುಮುದ್ವತಿಯ ತೀರದ ನಮ್ಮ ರಟ್ಟೀಹಳ್ಳಿಯ ಸೀಮೆಯಲ್ಲಿ ಬೆಳೆವ ಹತ್ತಿಯ ನೂಲಿಗೂ, ಮೈಮೇಲಣ ಮೇಣವನ್ನು ಸೋಡಾ ನೀರಿನಲ್ಲಿ ಕುದಿಸಿ ತೆಗೆಯದ ಹೊರತು, ಬಣ್ಣ ಹತ್ತದು. ಹಾಗೆಂದು ಬ್ಲೀಚಿಂಗ್ ಪುಡಿಯನ್ನು ಮಿತಿಮೀರಿ ಬಳಸಿದರೆ ನೂಲೇ ಜಾಳಾಗಿ ತುಂಡರಿಸುವುದು. ನಳಿಕೆಯ ಸಂಗತಿಯೂ ಇದೇ. ಆಮ್ಲವು ಅದರ ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳನ್ನು ನೆಡುತ್ತದೆ. ಅವುಗಳ ಬಲದಿಂದ ನಳಿಕೆಗಳು ಬಿಡಿಬಿಡಿಯಾಗಿ ಹರಡುತ್ತವೆ, ನಿಜ. ಆದರೆ ನೆಟ್ಟ ಒಂದೊಂದು ಗುಂಪೂ ಎಲೆಕ್ಟ್ರಾನುಗಳು ನಿರಾತಂಕವಾಗಿ ಸಂಚರಿಸುವ ಷಡ್ಭುಜ ಜಾಲದಲ್ಲಿ ಒಂದೊಂದು ಭಂಗವೇ ಸರಿ. ಸಾಲದುದಕ್ಕೆ ನಳಿಕೆಯೂ ತುಂಡಾಗಿ ಕುಳ್ಳಾಗುವುದು. ಹೀಗೆ ಅತ್ಯುತ್ತಮವಾಗಿ ಹರಡಿಯೂ ವಿದ್ಯುತ್ತನ್ನು ಒಯ್ಯದ ಪದಾರ್ಥವು ಕೈಗೆ ಬರುತ್ತದೆ.

ಜಾಲವನ್ನು ಮುರಿಯದೆ ಪೈರೀನ್‌ನಂತಹ ಅಣುಗಳನ್ನು ಅದಕ್ಕೆ ಅಂಟಿಸುವ ಮಾರ್ಗವು ಸೌಮ್ಯವಾದುದು; ಆದರೆ ಸಾಬೂನಿನ ಜಾತಿಯ ಪದಾರ್ಥಗಳನ್ನು ದಪ್ಪವಾಗಿ ಸವರಿದಲ್ಲಿ ಆ ಪೊರೆಯೇ ನಳಿಕೆ ನಳಿಕೆಗಳ ನಡುವೆ ಅಡ್ಡಗೋಡೆಯಾಗುತ್ತದೆ. ಎಲೆಕ್ಟ್ರಾನು ಜಿಗಿಯಬಲ್ಲ ಅಂತರ ಕೆಲವೇ ನ್ಯಾನೊಮೀಟರುಗಳಷ್ಟು. ಬಿಡಿಸಬೇಕು, ಆದರೆ ಅಗಲಿಸಬಾರದು: ಸಂಯುಕ್ತ ಪದಾರ್ಥದ ಮರ್ಮವೆಲ್ಲ ಇಲ್ಲಿದೆಯೆಂದು ನನ್ನ ದೃಢವಾದ ನಂಬಿಕೆ.

ಆದಕಾರಣ, ನಳಿಕೆಗಳು ಸಮನಾಗಿ ಹರಡಿದ ಸೂಕ್ಷ್ಮದರ್ಶಕದ ಚಿತ್ರವೊಂದನ್ನೇ ಯಶಸ್ಸಿನ ಪ್ರಮಾಣವೆಂದು ನಮ್ಮ ಕಾಲೇಜುಗಳಲ್ಲಿ ಒಪ್ಪಿಕೊಳ್ಳತಕ್ಕದ್ದಲ್ಲ. ಆಮ್ಲದಲ್ಲಿ ನಳಿಕೆ ಎಷ್ಟು ಹೊತ್ತು ಇದ್ದಿತು, ರಾಮನ್ ರೋಹಿತದಲ್ಲಿ ಸೆಂಟಿಮೀಟರಿಗೆ ಸುಮಾರು 1350ರ ತರಂಗಸಂಖ್ಯೆಯ ಬಳಿ ಕಾಣುವ ದೋಷಸೂಚಕ ಪಟ್ಟಿಯು 1580ರ ಬಳಿಯ ಪಟ್ಟಿಗೆ ಹೋಲಿಸಿದರೆ ಎಷ್ಟು ಬೆಳೆಯಿತು, ತಯಾರಾದ ಹಾಳೆಯ ವಾಹಕತೆಯೂ ಬಲವೂ ಎಷ್ಟು, ಇವನ್ನೆಲ್ಲ ಒಂದೇ ಕೋಷ್ಟಕದಲ್ಲಿ ಕೇಳಬೇಕು. ರಟ್ಟೀಹಳ್ಳಿಯ ಕಡೆಯ ಹುಡುಗರು ಓದಲು ಹೋಗುವ ಹಾವೇರಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂತಹ ಸ್ಥಳಗಳಲ್ಲಿ ಸಂಸ್ಕಾರದ ಕಾಲವನ್ನು ಬದಲಿಸಿ ಬದಲಿಸಿ ವಾಹಕತೆಯನ್ನು ಅಳೆಯುವುದು ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಬೇಡುವ ಕೆಲಸವಲ್ಲ; ಪ್ಲಾಸ್ಟಿಕ್ಕಿನಲ್ಲಿ ಬೆರೆಸುವುದಕ್ಕೆ ಮೈಸೂರಿನ ಸಿಪೆಟ್ ಸಂಸ್ಥೆಯೂ, ರೋಹಿತಕ್ಕೆ ಬೆಂಗಳೂರಿನ ಸಂಸ್ಥೆಗಳೂ ನೆರವಾದರೆ ಸಾಕು. ಸರ್ಕಾರವು ಹಣವೀಯಬೇಕಾದುದು ಈ ಕೂಡುಬಾಳ್ವೆಗೆ.

ಇನ್ನೊಂದನ್ನು ಮರೆಯಲಾಗದು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಹುಭಿತ್ತಿಯ ನಳಿಕೆಗಳ ಒಂದು ಬಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದುವುಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಒಣಪುಡಿಯ ಚೀಲವನ್ನು ಬಿಚ್ಚುವ ವಿದ್ಯಾರ್ಥಿಗೆ ಗಾಳಿಯನ್ನು ಹೊರಗೆಳೆವ ಮುಚ್ಚುಪೆಟ್ಟಿಗೆಯನ್ನೂ, ಉಳಿದ ಆಮ್ಲವನ್ನು ಶಮನಗೊಳಿಸುವ ತೊಟ್ಟಿಯನ್ನೂ ಒದಗಿಸಿದ ಮೇಲೆಯೇ ಯೋಜನೆಯ ಮೊದಲ ಕಂತಿನ ಹಣ ಬಿಡುಗಡೆಯಾಗತಕ್ಕದ್ದು.