ಮೈಸೂರು ಮಹಾರಾಜರು ಉಳಿಸಿದ ಪಿಯಾನೋ ಕಥೆಗಳು

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಓದುತ್ತಿರುವ ಅಜ್ಜ-ಅಜ್ಜಿಯರೇ,

ನಮ್ಮ ಸರಸ್ವತಿ ನಗರದಲ್ಲಿ ಈಗ ಸಂಜೆಯಾದರೆ ಒಂದು ಮನೆಯಿಂದ ಭಜನೆ ಕೇಳುತ್ತದೆ, ಇನ್ನೊಂದು ಮನೆಯಿಂದ ಕೀಬೋರ್ಡ್ ಕೇಳುತ್ತದೆ. ಕೀಬೋರ್ಡ್ ಕಲಿಯುವ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಕೇಳಿದಳು: "ಅಜ್ಜಾ, ಈ ಬೀಥೋವನ್, ಮೊಜಾರ್ಟ್ ಎಲ್ಲ ಎಲ್ಲಿಯವರೋ. ಅವರಿಗೂ ನಮಗೂ ಏನು ಸಂಬಂಧ?" ಒಳ್ಳೆಯ ಪ್ರಶ್ನೆ. ಈ ವಾರ ಅದಕ್ಕೇ ಉತ್ತರ.

ಮೊದಲ ಉತ್ತರ ಸುಲಭ. ಅವರನ್ನು ನೀವು ಆಗಲೇ ಕೇಳಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಟೈಟನ್ ಗಡಿಯಾರದ ಜಾಹೀರಾತಿನ ಸಂಗೀತ ಅಜ್ಜ-ಅಜ್ಜಿಯರಿಗೆ ನೆನಪಿರಬೇಕು. ಅದು ಮೊಜಾರ್ಟ್ 1773ರಲ್ಲಿ ಬರೆದ 25ನೇ ಸಿಂಫನಿಯ ರಾಗ. ಆಗ ಅವನಿಗೆ 17 ವರ್ಷ, ಇನ್ನೂ ಪಿಯುಸಿ ಓದುವ ವಯಸ್ಸು! ಕೆಲವು ಕಾರುಗಳು ಹಿಂದಕ್ಕೆ ಬರುವಾಗ ಟಿಣಿಟಿಣಿ ಎಂದು ಹಾಡುತ್ತಿದ್ದುದು ಬೀಥೋವನ್‌ನ 'ಫರ್ ಎಲಿಸ್'. ಅವನು ತೀರಿಕೊಂಡದ್ದು 1827ರಲ್ಲಿ, ಆ ಪುಟ್ಟ ರಚನೆ ಅಚ್ಚಾದದ್ದು 1867ರಲ್ಲಿ. ನಲವತ್ತು ವರ್ಷ ಅದು ಬರೀ ಕಾಗದವಾಗಿ ಬಿದ್ದಿತ್ತು.

ಈ ಕಾಗದದ ವಿಷಯ ಸ್ವಲ್ಪ ಗಮನಿಸಿ. ನಮ್ಮ ಸಂಗೀತ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುತ್ತದೆ. ಅವರಲ್ಲಿ ರಚನೆ ಮಾಡುವವರು ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ಬರೆದಿಡುತ್ತಾರೆ. ನುಡಿಸುವವರು ಅದನ್ನು ನೋಡಿ ನುಡಿಸುತ್ತಾರೆ. ನುಡಿಸುವವರೇ ಇಲ್ಲದಿದ್ದರೆ ಕಾಗದ ಮೂಕ. ಹಾಗೆ ಮೂಕವಾಗಬಹುದಾಗಿದ್ದ ಸಂಗೀತವೊಂದನ್ನು ನಮ್ಮ ಮೈಸೂರಿನವರೊಬ್ಬರು ಉಳಿಸಿದರು. ಎರಡನೇ ಉತ್ತರ ಅದು.

ಅವರು ಜಯಚಾಮರಾಜೇಂದ್ರ ಒಡೆಯರ್. ದಾವಣಗೆರೆ, ಹರಿಹರ ಎರಡೂ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ್ಯ. ಹಾಗಾಗಿ ಅವರು ನಿಮ್ಮ ಮುತ್ತಜ್ಜಂದಿರ ಮಹಾರಾಜರು. ಹುಟ್ಟಿದ್ದು 1919ರ ಜುಲೈ 18ರಂದು. ಚಿಕ್ಕಂದಿನಿಂದ ಪಿಯಾನೋ ಎಂದರೆ ಪ್ರಾಣ. ದೊಡ್ಡ ಸಭೆಗಳಲ್ಲಿ ನುಡಿಸುವ ಕಲಾವಿದನಾಗಬೇಕು ಎಂಬುದು ಅವರ ಆಸೆ. ಆದರೆ 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. 21ನೇ ವಯಸ್ಸಿಗೆ ಸಿಂಹಾಸನ ಬಂತು, ಪಿಯಾನೋ ಕನಸು ಹೋಯಿತು.

ಈಗ ಲಂಡನ್ನಿಗೆ ಹೋಗೋಣ. ಅಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರರಿದ್ದರು. ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಅವರ ಗೆಳೆಯ ರಖ್ಮಾನಿನೋವ್ ಜಗತ್ಪ್ರಸಿದ್ಧ ಪಿಯಾನೋ ವಾದಕ. ಗೆಳೆತನ ಎಂಥದ್ದೆಂದರೆ ಮೆಟ್ನರ್ ತಮ್ಮ ಎರಡನೇ ಕನ್ಸರ್ಟೊವನ್ನು ರಖ್ಮಾನಿನೋವ್‌ಗೆ ಅರ್ಪಿಸಿದರು, ಅವರು ತಮ್ಮ ನಾಲ್ಕನೆಯದನ್ನು ಇವರಿಗೆ ಅರ್ಪಿಸಿದರು. ಕನ್ಸರ್ಟೊ ಎಂದರೆ ಒಂದು ವಾದ್ಯ ಮುಂದೆ ನಿಂತು, ದೊಡ್ಡ ವಾದ್ಯವೃಂದದ ಜೊತೆ ಮಾತುಕತೆಗಿಳಿಯುವ ರಚನೆ.

ಮೆಟ್ನರ್ ಪಿಯಾನೋಗೆಂದು 'ಸ್ಕಾಜ್ಕಿ' ಎಂಬ ಪುಟ್ಟ ಪುಟ್ಟ ರಚನೆಗಳನ್ನು ಬರೆದರು, ಮೂವತ್ತಕ್ಕೂ ಹೆಚ್ಚು. ಸ್ಕಾಜ್ಕಿ ಅಂದರೆ ರಷ್ಯನ್ ಭಾಷೆಯಲ್ಲಿ ಜನಪದ ಕಥೆಗಳು, ನಮ್ಮ ಅಜ್ಜಿ ಕಥೆಗಳ ಹಾಗೆ. ಆದರೆ ಇಲ್ಲಿ ಮಾತಿಲ್ಲ, ಬೆರಳುಗಳೇ ಕಥೆ ಹೇಳುತ್ತವೆ.

1921ರಲ್ಲಿ ಮೆಟ್ನರ್ ದಂಪತಿ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ನಿಂತರು. ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವೂ ಆಯಿತು. ಹೊಸ ಕಾಲದ ಜನಕ್ಕೆ ಅವರ ಸಂಗೀತ ಹಳೆಯ ಧಾಟಿ ಅನ್ನಿಸುತ್ತಿತ್ತು. ವಯಸ್ಸಾಗಿದೆ, ಕೈಯಲ್ಲಿ ಕಾಸಿಲ್ಲ, ಜೀವನವಿಡೀ ಬರೆದ ರಚನೆಗಳನ್ನು ಕೇಳುವವರು ಕಡಿಮೆ.

ಯುದ್ಧ ಮುಗಿದ ಮೇಲೆ ಅವರು ಎಣಿಸಿಯೂ ಇರದ ದಿಕ್ಕಿನಿಂದ ನೆರವು ಬಂತು. ಮೆಟ್ನರ್ ಸಂಗೀತವನ್ನು ಅವರಿಂದಲೇ ನುಡಿಸಿ ಗ್ರಾಮಫೋನ್ ಪ್ಲೇಟುಗಳಲ್ಲಿ ಮುದ್ರಿಸಲು ಮೈಸೂರು ಮಹಾರಾಜರು ಹಣ ಕೊಟ್ಟರು, 'ಮೆಟ್ನರ್ ಸೊಸೈಟಿ' ಕಟ್ಟಿಸಿದರು. 1947ರಿಂದ ಧ್ವನಿಮುದ್ರಣ ನಡೆಯಿತು. ಹೃದ್ರೋಗಿಯಾಗಿದ್ದ ಆ ಹಿರಿಯರು ತಮ್ಮ ಮೂರೂ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ನುಡಿಸಿದರು. ಹಲವು ಅಜ್ಜಿ ಕಥೆಗಳನ್ನೂ ನುಡಿಸಿದರು. ಮೂರನೇ ಕನ್ಸರ್ಟೊವನ್ನು ಕೃತಜ್ಞತೆಯಿಂದ ಮಹಾರಾಜರಿಗೇ ಅರ್ಪಿಸಿದರು. 1951ರ ನವೆಂಬರ್‌ನಲ್ಲಿ ತೀರಿಕೊಂಡರು. ಮೈಸೂರನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಆ ಪ್ಲೇಟುಗಳು ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕನ್ಸರ್ಟೊಗಳನ್ನು ಅವರ ಕೈಯಲ್ಲೇ ಕೇಳುವುದು ನಮಗೆ ಸಿಗುತ್ತಲೇ ಇರಲಿಲ್ಲ.

ಇನ್ನೂ ಒಂದಿದೆ. ಜರ್ಮನಿಯ ರಿಖಾರ್ಡ್ ಸ್ಟ್ರೌಸ್ 84ನೇ ವಯಸ್ಸಿನಲ್ಲಿ ನಾಲ್ಕು ಹಾಡುಗಳನ್ನು ಬರೆದು, ಅವನ್ನು ಸಭೆಯಲ್ಲಿ ಕೇಳುವ ಮೊದಲೇ 1949ರಲ್ಲಿ ತೀರಿಕೊಂಡರು. ಆ ಹಾಡುಗಳು ಮೊದಲ ಬಾರಿ ಕೇಳಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಕಾರ್ಯಕ್ರಮದ ಖರ್ಚಿಗೆ ಹೊಣೆ ನಿಂತವರು ನಮ್ಮ ಮಹಾರಾಜರು. ತಾವು ಹೋಗಲಾಗದೆ, ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡು ಮಾಡಿಸಿದ್ದರು.

"ಇಲ್ಲಿ ಇಷ್ಟೊಂದು ಸಂಗೀತಗಾರರಿರುವಾಗ ದುಡ್ಡು ಲಂಡನ್ನಿಗೇಕೆ?" ಎಂದು ಅಜ್ಜಂದಿರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದೇ ಅರಮನೆಯಲ್ಲಿ ಮೈಸೂರು ವಾಸುದೇವಾಚಾರ್ಯರಂಥ ಆಸ್ಥಾನ ವಿದ್ವಾಂಸರಿದ್ದರು. ಮಹಾರಾಜರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು, 'ಶ್ರೀವಿದ್ಯಾ' ಎಂಬುದು ಅವರ ಅಂಕಿತ. ಪಿಯಾನೋ ಕಲಿತ ಕಿವಿ ವೀಣೆಗೆ ಮುಚ್ಚಿಕೊಳ್ಳಲಿಲ್ಲ. ತಾವು ವೇದಿಕೆ ಹತ್ತಲಾಗದವರು ಇನ್ನೊಬ್ಬರ ಕೈ ಹಿಡಿದು ಹತ್ತಿಸಿದರು. ನನಗಂತೂ ಇದು ಅವರ ಹಾಡುಗಾರಿಕೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಹೊರಗಿನದು ನಮ್ಮದಾಗುವುದೂ ಹೊಸದಲ್ಲ. ಕಛೇರಿಯ ಪಿಟೀಲು ಯುರೋಪಿನದು. ನಮ್ಮ ದಾವಣಗೆರೆಯಲ್ಲಿ ಕ್ಯಾಂಪ್ ಹಾಕುತ್ತಿದ್ದ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಕೂಡ ಅಲ್ಲಿಯದೇ. ಅದಿಲ್ಲದೆ ರಂಗಗೀತೆಯನ್ನು ನೆನೆಯಲು ಆಗುತ್ತದೆಯೇ?

ಈ ವಾರದ ಕೆಲಸ

1. ಮನೆಯ ಹಿರಿಯರ ಮೊಬೈಲಿನಲ್ಲಿ ಮೆಟ್ನರ್‌ರ ಒಂದು 'ಸ್ಕಾಜ್ಕಿ' ಹುಡುಕಿ, ಕಣ್ಣು ಮುಚ್ಚಿ ಕೇಳಿ. ಯಾವ ಕಥೆ ಕಾಣಿಸಿತು? ಅಜ್ಜಿಗೆ ಹೇಳಿ. ಅಜ್ಜಿಗೆ ಕಂಡ ಕಥೆಯನ್ನೂ ಕೇಳಿ. ಎರಡೂ ಬೇರೆಯಾಗಿದ್ದರೆ ಇಬ್ಬರೂ ಸರಿ.

2. ನಿಮ್ಮ ಮನೆಗೆ ಮೊದಲು ಗ್ರಾಮಫೋನ್ ಅಥವಾ ರೇಡಿಯೋ ಬಂದದ್ದು ಯಾವಾಗ, ಮೊದಲು ಕೇಳಿದ ಹಾಡು ಯಾವುದು? ವಿಚಾರಿಸಿ ಬರೆದಿಡಿ.

3. ಒಂದು ಲೆಕ್ಕ: ಹಳೆಯ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು 4 ನಿಮಿಷದ ಸಂಗೀತ ಹಿಡಿಸುತ್ತಿತ್ತು. 36 ನಿಮಿಷದ ಕನ್ಸರ್ಟೊಗೆ ಎಷ್ಟು ಪ್ಲೇಟು ಬೇಕು?

(ಉತ್ತರ: 9 ಬದಿ, ಅಂದರೆ 5 ಪ್ಲೇಟು. ಕೊನೆಯದರ ಒಂದು ಬದಿ ಖಾಲಿ!)